ಫಷೋಡ ಪ್ರಕರಣ (1898)

ಶ್ವೇತ ನೈಲ್ ನದಿಯ ದಡದಲ್ಲಿ, ಇಂದು ದಕ್ಷಿಣ ಸುಡಾನಿಗೆ ಸೇರಿರುವ ಶಿಲ್ಲುಕ್ ಜನರ ನಾಡಿನಲ್ಲಿ, ಫಷೋಡವೆಂಬ ಪಾಳುಬಿದ್ದ ಕೋಟೆಯೊಂದರ ನಿಮಿತ್ತ ಬ್ರಿಟನ್ ಮತ್ತು ಫ್ರಾನ್ಸುಗಳು ಯುದ್ಧದ ಹೊಸ್ತಿಲವರೆಗೆ ಹೋಗಿ ಹಿಂದಿರುಗಿದ ಪ್ರಸಂಗ. ಜೌಗು, ಜೊಂಡು, ಸೊಳ್ಳೆಗಳ ಹೊರತು ಅಲ್ಲಿ ಆಸೆಪಡತಕ್ಕದ್ದು ಹೆಚ್ಚೇನೂ ಇರಲಿಲ್ಲ.

1882ರಲ್ಲಿ ಈಜಿಪ್ಟನ್ನು ಆಕ್ರಮಿಸಿದ್ದ ಬ್ರಿಟಿಷರಿಗೆ, ಆ ದೇಶದ ಜೀವನಾಡಿಯಾದ ನೈಲ್‌ನ ಮೇಲ್ಗಣಿವೆ ಪರರ ಕೈಸೇರೀತೆಂಬ ಭಯ ಬಿಟ್ಟಿರಲಿಲ್ಲ. ಅಟ್ಲಾಂಟಿಕ್ ತೀರದಿಂದ ಕೆಂಪು ಸಮುದ್ರದವರೆಗೆ ತಮ್ಮ ಧ್ವಜವನ್ನೇ ನೆಡಬೇಕೆಂಬ ಹಂಬಲದ ಫ್ರೆಂಚರಿಗೆ ಆ ಕಣಿವೆಯನ್ನು ದಾಟದೆ ಗತ್ಯಂತರವಿರಲಿಲ್ಲ. ಅಲ್ಲಿಗೆ ಫ್ರೆಂಚ್ ದಂಡು ಬಂದರೆ ಅದನ್ನು ಅಮಿತ್ರಕೃತ್ಯವೆಂದು ಭಾವಿಸುವೆವೆಂದು 1895ರ ಮಾರ್ಚಿಯಲ್ಲೇ ಬ್ರಿಟಿಷ್ ವಿದೇಶಾಂಗ ಉಪಸಚಿವ ಸರ್ ಎಡ್ವರ್ಡ್ ಗ್ರೇ ಪಾರ್ಲಿಮೆಂಟಿನಲ್ಲಿ ಎಚ್ಚರಿಸಿದ್ದನು. ಆದಾಗ್ಯೂ ಕ್ಯಾಪ್ಟನ್ ಮಾರ್ಶಾನನು ಹನ್ನೆರಡರಷ್ಟು ಫ್ರೆಂಚರನ್ನೂ ನೂರಕ್ಕೆ ಮೀರಿದ ಆಫ್ರಿಕನ್ ಸಿಪಾಯಿಗಳನ್ನೂ ಕಟ್ಟಿಕೊಂಡು, ಸಣ್ಣದೊಂದು ಉಗಿಹಡಗನ್ನು ಬಿಡಿಬಿಡಿಯಾಗಿ ಬಿಚ್ಚಿ ಕಾಂಗೋ–ನೈಲ್‌ಗಳ ನಡುವಣ ದಿಣ್ಣೆಯ ಮೇಲೆ ಸಾಗಿಸಿ, ಎರಡು ವರ್ಷಗಳ ಪಯಣದ ಕೊನೆಗೆ 1898ರ ಜುಲೈ 10ರಂದು ಫಷೋಡವನ್ನು ಮುಟ್ಟಿದನು.

ಓಂಡರ್ಮನ್ ಕದನದಲ್ಲಿ ಸುಡಾನಿನ ಮತನಾಯಕ ಮಹದಿಯ ಅನುಯಾಯಿಗಳನ್ನು ಸದೆಬಡಿದಿದ್ದ ಬ್ರಿಟಿಷ್ ಸೇನಾನಿ ಕಿಚನರನು, ಸೆಪ್ಟೆಂಬರ್ 19ರಂದು ಸಾವಿರಕ್ಕೆ ಮೀರಿದ ಸೈನ್ಯದೊಡನೆ ಅಲ್ಲಿಗೆ ಬಂದಿಳಿದನು. ಫ್ರೆಂಚರ ಅಭಿಮಾನವನ್ನು ಕೆಣಕಬಾರದೆಂದು ಬ್ರಿಟಿಷ್ ಬಾವುಟವನ್ನು ಮಡಿಸಿಟ್ಟು ಈಜಿಪ್ಟಿನದನ್ನೇ ಏರಿಸಿದ ಈ ವಿವೇಕ ಆ ಒರಟು ಸೇನಾನಿಯಿಂದ ನಿರೀಕ್ಷಿಸುವಂಥದಲ್ಲ. ಆತ ಕೊಟ್ಟ ವಿಸ್ಕಿಯನ್ನು ಮಾರ್ಶಾನನು ಮುಖ ಸಿಂಡರಿಸಿಕೊಳ್ಳುತ್ತ ಕುಡಿದನು. ಗುಂಡು ಹಾರಲಿಲ್ಲ, ತೀರ್ಮಾನವನ್ನು ಲಂಡನ್–ಪ್ಯಾರಿಸುಗಳಿಗೆ ಬಿಟ್ಟುಕೊಟ್ಟರು. ಆದರೆ ಕಿಚನರನು ಬಿಟ್ಟುಹೋದ ಫ್ರೆಂಚ್ ವೃತ್ತಪತ್ರಿಕೆಗಳಲ್ಲಿ ಸೇನಾಧಿಕಾರಿ ಡ್ರೇಫಸನ ದೇಶದ್ರೋಹದ ಮೊಕದ್ದಮೆಯಿಂದ ಒಡೆದು ಹೋಳಾದ ತಾಯ್ನಾಡಿನ ಸುದ್ದಿಯನ್ನೋದಿ ಮಾರ್ಶಾನನ ಅಧಿಕಾರಿಗಳು ಕಣ್ಣೀರಿಟ್ಟರು. ಫಿರಂಗಿಗಳಿಗಿಂತ ಆ ಕಾಗದಗಳೇ ಹೆಚ್ಚು ಕೆಲಸ ಮಾಡಿದುವೆನ್ನಬಹುದು.

ಬ್ರಿಟಿಷ್ ಪ್ರಧಾನಿ ಸಾಲಿಸ್‌ಬರಿ ಕದಲಲಿಲ್ಲ. ಫ್ರೆಂಚ್ ವಿದೇಶಾಂಗ ಸಚಿವ ಡೆಲ್ಕಾಸೆಗಾದರೋ ಬ್ರಿಟಿಷರಿಗೆ ಸರಿಸಮನಾದ ನೌಕಾಬಲವಿರಲಿಲ್ಲ, ಮಿತ್ರನಾದ ರಷ್ಯ ನೆರವಿಗೆ ಬರುವ ಸೂಚನೆಯಿರಲಿಲ್ಲ, ಬೆನ್ನಹಿಂದೆ ಜರ್ಮನಿಯಿತ್ತು. ನವೆಂಬರಿನಲ್ಲಿ ಹಿಂತೆಗೆತದ ಆಜ್ಞೆ ಹೊರಟಿತು. ಡಿಸೆಂಬರ್ 11ರಂದು ಮಾರ್ಶಾನನ ದಂಡು ಕೋಟೆಯನ್ನು ಬಿಟ್ಟು, ಬ್ರಿಟಿಷರ ನೈಲ್ ಹಾದಿಯನ್ನು ಹಿಡಿಯದೆ, ಇಥಿಯೋಪಿಯದ ಬೆಟ್ಟಗಳನ್ನು ದಾಟಿ ಜಿಬೂಟಿಗೆ ನಡೆಯಿತು. 1899ರ ಮಾರ್ಚಿಯ ಒಪ್ಪಂದವು ನೈಲ್–ಕಾಂಗೋ ಜಲವಿಭಾಜಕವನ್ನೇ ಗಡಿಯೆಂದಿತು.

ಅವಮಾನದಿಂದ ದ್ವೇಷವಷ್ಟೇ ಹುಟ್ಟಬೇಕಿತ್ತು. ಆದರೆ ಗೆಲ್ಲಲಾರದ ಈಜಿಪ್ಟಿನ ಹಕ್ಕನ್ನು ಕೈಬಿಟ್ಟು ಅದರ ಬದಲಿಗೆ ಮೊರಾಕ್ಕೊವನ್ನು ಪಡೆಯುವುದೇ ಲೇಸೆಂದು ಡೆಲ್ಕಾಸೆ ಕ್ರಮೇಣ ಮನಗಂಡನು. ಏಪ್ರಿಲ್ 8, 1904ರ ಆಂಗ್ಲೋ–ಫ್ರೆಂಚ್ ಸೌಹಾರ್ದ ಒಪ್ಪಂದದ ತಿರುಳು ಈ ವಿನಿಮಯವೇ. ಮರುವರ್ಷ ಜರ್ಮನಿಯ ಕೈಸರನು ಮೊರಾಕ್ಕೊದ ಟ್ಯಾಂಜಿಯರಿಗೆ ಹೋಗಿ ಈ ನಂಟನ್ನು ಕಡಿಯಲೆತ್ನಿಸಿದುದರ ಫಲವಾಗಿ 1906ರ ಅಲ್ಜೆಸಿರಾಸ್ ಸಮ್ಮೇಳನದಲ್ಲಿ ಅದು ಮತ್ತಷ್ಟು ಬಿಗಿಯಾಯಿತು. ಕೈ ಬದಲಾದ ನಾಡುಗಳ ಜನರನ್ನು ಯಾರೂ ಕೇಳಲಿಲ್ಲ. ಶಿಲ್ಲುಕ್ ಅರಸನೊಡನೆ ಮಾರ್ಶಾನನು ಮಾಡಿಕೊಂಡಿದ್ದ ಕರಾರೂ ಕಡತದಲ್ಲೇ ಉಳಿಯಿತು. ಹೊಸ ಸ್ನೇಹಕ್ಕೆ ಹಳೆಯ ನೋವು ಅಡ್ಡಬರಬಾರದೆಂದು ಬ್ರಿಟಿಷರು 1904ರಲ್ಲಿ ಫಷೋಡವೆಂಬ ಹೆಸರನ್ನೇ ಭೂಪಟದಿಂದ ಅಳಿಸಿ ಆ ಊರನ್ನು ಕೊಡೊಕ್ ಎಂದು ಕರೆದರು.