ಅರಿವು ಮತ್ತು ಕೈಬರಹ: ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಲಿಪಿಕಾರ

ಹೇಳುವವನೊಬ್ಬ, ಬರೆಯುವವನೊಬ್ಬ ಎಂಬ ವ್ಯವಸ್ಥೆ ಕನ್ನಡದ ವಿದ್ಯಾಪರಂಪರೆಗೆ ಹೊಸತಲ್ಲ. ವ್ಯಾಸನ ಭಾರತವನ್ನು ಗಣಪತಿ ಬರೆದುಕೊಂಡನೆಂಬ ಐತಿಹ್ಯವನ್ನು ಬದಿಗಿರಿಸಿದರೂ, ತಾಳೆಗರಿಯ ಅನೇಕ ಹಸ್ತಪ್ರತಿಗಳಲ್ಲಿ ಕವಿಯ ಹೆಸರಲ್ಲದೆ ಪ್ರತಿಕಾರನ ಹೆಸರೂ ಬೇರೆಯಾಗಿ ದೊರೆಯುತ್ತದೆ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವ ನೀಲಗಾರನ ವಿದ್ವತ್ತನ್ನು ಅವನ ಕೈಬರಹದಿಂದ ಅಳೆದವರಿಲ್ಲ. ಅರಿವು ಮತ್ತು ಬರಹ ಒಬ್ಬನಲ್ಲಿಯೇ ಕೂಡಿರಬೇಕೆಂಬ ನಿಬಂಧನೆಯನ್ನು ಬಿಗಿಗೊಳಿಸಿದ್ದು ಆಧುನಿಕ ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆ. ಅಂಧ ವಿದ್ಯಾರ್ಥಿಯ ತೊಡಕಿನ ಮೂಲವನ್ನು ಈ ನಿಬಂಧನೆಯಲ್ಲಿಯೂ ಹುಡುಕಬೇಕಾಗುತ್ತದೆ.

ಇದಕ್ಕೆ ಹೊರತಾದ ಮಾದರಿಯೊಂದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆಯಿತು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಅವರ ಶಿಷ್ಯ ಹಾಗೂ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಇಲ್ಲಿ ದೃಷ್ಟಿಯಿಲ್ಲದ ಶಿಷ್ಯನಿಗೆಂದು ಪಾಠಕ್ರಮವನ್ನು ಸಡಿಲಿಸುವ ಪ್ರಶ್ನೆಯೇ ಉದ್ಭವಿಸಲಿಲ್ಲ. ಕಲಿಕೆ ಕಿವಿಯಿಂದ, ಪರೀಕ್ಷೆ ಕಂಠದಿಂದ. ಆದರೆ ಸಂಗೀತವನ್ನು ಬಿಟ್ಟು ಸಾಹಿತ್ಯ, ಇತಿಹಾಸಗಳನ್ನು ಓದಬಯಸಿದ ಅಂಧ ವಿದ್ಯಾರ್ಥಿಯು ವಿಶ್ವವಿದ್ಯಾಲಯದ ಪರೀಕ್ಷಾ ಕೊಠಡಿಯಲ್ಲಿ ಲಿಪಿಕಾರನನ್ನು ಅವಲಂಬಿಸಬೇಕಾಯಿತು.

1995ರ ಅಂಗವಿಕಲರ ಅಧಿನಿಯಮವು ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಲಿಪಿಕಾರನನ್ನು ಒದಗಿಸುವುದು ಶಿಕ್ಷಣಸಂಸ್ಥೆಯ ಹೊಣೆಯೆಂದು ವಿಧಿಸಿತು. ಆ ಲಿಪಿಕಾರ ಎಂಥವನಿರಬೇಕು ಎಂಬಲ್ಲಿ ವಿವಾದ ಉಳಿಯಿತು. ಬರೆಯುವವನು ತನ್ನ ತಿಳಿವಳಿಕೆಯನ್ನೇ ಉತ್ತರಕ್ಕೆ ಸೇರಿಸಿಯಾನು ಎಂಬ ಶಂಕೆ ಪರೀಕ್ಷಾ ವಿಭಾಗಗಳನ್ನು ಸದಾ ಕಾಡಿದೆ. ಶಂಕೆ ಪೂರ್ತಿ ನಿರಾಧಾರವೆನ್ನಲಾಗದು. ಆದರೆ ಅದಕ್ಕೆ ಕಂಡುಕೊಂಡ ಪರಿಹಾರ ವಿಚಿತ್ರವಾದುದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ 2013ರ ಮಾರ್ಗಸೂಚಿಯು ಲಿಪಿಕಾರನ ವಿದ್ಯಾರ್ಹತೆ, ಅಂಕ, ವಯಸ್ಸುಗಳ ಮೇಲೆ ನಿರ್ಬಂಧ ಸಲ್ಲದು, ಬದಲಿಗೆ ಮೇಲ್ವಿಚಾರಣೆ ಬಿಗಿಯಾಗಬೇಕು ಎಂದಿತ್ತು. ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲವನ್ನೂ ನೀಡಿತು. 2018ರ ಮಾರ್ಗಸೂಚಿ ಮಾತ್ರ, ಅಭ್ಯರ್ಥಿಯು ತಾನೇ ಕರೆತರುವ ಲಿಪಿಕಾರನ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕೆಂಬ ನಿಯಮವನ್ನು ಮರಳಿ ತಂದಿತು.

ಈ ನಿಯಮದ ಪರಿಣಾಮವನ್ನು ಕನ್ನಡ ಸ್ನಾತಕೋತ್ತರ ಪರೀಕ್ಷೆಯ ಹಳಗನ್ನಡ ಪತ್ರಿಕೆಗೆ ಅನ್ವಯಿಸಿ ನೋಡಬಹುದು. ಹಳಗನ್ನಡದಲ್ಲಿ ಕುಳಾಕ್ಷರದ 'ಬಾಳ್' ಎಂದರೆ ಕತ್ತಿ; ರಳಾಕ್ಷರದ 'ಬಾೞ್' ಎಂದರೆ ಬದುಕು. ಕೇಶಿರಾಜನ ವ್ಯಾಕರಣವನ್ನು ಕೇಳಿ ಕಲಿತ ಅಂಧ ವಿದ್ಯಾರ್ಥಿಗೆ ಈ ಭೇದ ಕರತಲಾಮಲಕ. ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುತ್ತಿರುವ ಲಿಪಿಕಾರನು ರಳಾಕ್ಷರವನ್ನೇ ಕಂಡಿರಲಿಕ್ಕಿಲ್ಲ. ಎರಡನ್ನೂ ಒಂದೇ ರೀತಿ ಬರೆಯುತ್ತಾನೆ. ಮೌಲ್ಯಮಾಪಕನಿಗೆ ಕಾಣುವುದು ಉತ್ತರಪತ್ರಿಕೆಯಷ್ಟೆ, ಕಳೆಯುವುದು ವಿದ್ಯಾರ್ಥಿಯ ಅಂಕವನ್ನು. ಛಂದಸ್ಸಿನ ಪ್ರಸ್ತಾರದಲ್ಲಿ ಕಷ್ಟ ಇನ್ನೂ ಹೆಚ್ಚು. ಗಣವಿಭಾಗವನ್ನು ಬಾಯಲ್ಲಿ ತಪ್ಪಿಲ್ಲದೆ ಹೇಳಬಲ್ಲವನು, ಲಘು–ಗುರುಗಳ ಚಿಹ್ನೆ ಯಾವ ಅಕ್ಷರದ ನೆತ್ತಿಯ ಮೇಲೆ ಬೀಳಬೇಕೆಂಬುದನ್ನು ಒಂದೊಂದಾಗಿ ತಿಳಿಸುವಷ್ಟರಲ್ಲಿ ಹೆಚ್ಚುವರಿಯಾಗಿ ದೊರೆತ ಕಾಲವೂ ಮುಗಿಯುತ್ತದೆ. ಭಾಷಾ ಪತ್ರಿಕೆಗಳಿಗೆ ಬೇರೆ ಬೇರೆ ಲಿಪಿಕಾರರನ್ನು ಪಡೆಯಬಹುದೆಂದು 2013ರ ಮಾರ್ಗಸೂಚಿಯಲ್ಲಿ ಹೇಳಿದ್ದು ಇಂತಹ ತೊಡಕಿನ ಅರಿವಿನಿಂದಲೇ ಇರಬೇಕು.

ಅದೇ ಮಾರ್ಗಸೂಚಿಯಲ್ಲಿ ಹೆಚ್ಚು ಚರ್ಚೆಗೆ ಬಾರದ ಇನ್ನೊಂದು ಅಂಶವಿದೆ. ಬ್ರೈಲ್, ಗಣಕಯಂತ್ರ, ದೊಡ್ಡ ಅಕ್ಷರದ ಮುದ್ರಣಗಳ ಜೊತೆಗೆ ಉತ್ತರವನ್ನು ಧ್ವನಿಮುದ್ರಿಸುವ ಆಯ್ಕೆಯನ್ನೂ ಸಾಧ್ಯವಾದಮಟ್ಟಿಗೆ ಕೊಡಬೇಕೆಂಬುದೇ ಅದು. ಜಾನಪದ ಅಧ್ಯಯನದ ಮಟ್ಟಿಗಂತೂ ಇದು ಅಪರಿಚಿತ ವಿಧಾನವಲ್ಲ. ಅನಕ್ಷರಸ್ಥ ಕಲಾವಿದರ ಕಂಠವನ್ನು ಧ್ವನಿಸುರುಳಿಗೆ ಇಳಿಸಿಕೊಂಡು, ಅದನ್ನೇ ಪ್ರಮಾಣಪಠ್ಯವೆಂದು ಸ್ವೀಕರಿಸಿ ಜನಪದ ಮಹಾಕಾವ್ಯಗಳ ಸಂಪುಟಗಳು ಹೊರಬಂದಿವೆ. ಅವುಗಳ ಮೇಲೆ ಸಂಶೋಧನ ಪ್ರಬಂಧಗಳೂ ಸಿದ್ಧವಾಗಿವೆ. ಹಾಡುಗಾರನ ಧ್ವನಿಯನ್ನು ಆಕರವೆಂದು ಒಪ್ಪಿದ ಶಿಸ್ತು ವಿದ್ಯಾರ್ಥಿಯ ಧ್ವನಿಯನ್ನು ಉತ್ತರವೆಂದು ಒಪ್ಪಲು ತಾತ್ತ್ವಿಕ ಅಡ್ಡಿಯೇನೂ ಕಾಣುವುದಿಲ್ಲ.

ನ್ಯಾಯಾಲಯಗಳ ದೃಷ್ಟಿಯೂ ಕ್ರಮೇಣ ವಿಶಾಲವಾಯಿತು. 2016ರ ಅಧಿನಿಯಮವು ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಹೆಚ್ಚಿಸಿ, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡಾ 5ರ ಮೀಸಲಾತಿಯನ್ನು ನಿಗದಿಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗವು ಲಿಪಿಕಾರನನ್ನು ನಿರಾಕರಿಸಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಶೇಕಡಾ 40ರ ವೈಕಲ್ಯವಿದ್ದವರಿಗಷ್ಟೇ ಈ ಸೌಲಭ್ಯವನ್ನು ಸೀಮಿತಗೊಳಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಅಂಥ ಹೊಂದಾಣಿಕೆ ಕೃಪೆಯಲ್ಲ, ಸಮಾನತೆಯ ಅಂಗವೇ ಎಂಬುದು ಆ ತೀರ್ಪಿನ ತಿರುಳು.

ಲಿಪಿಕಾರನ ಅವಲಂಬನೆಯನ್ನೇ ಕಡಿಮೆ ಮಾಡಬಲ್ಲ ಸಾಧನವೆಂದರೆ ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ. ಕನ್ನಡದಲ್ಲಿ ಅದಕ್ಕೆ ಎದುರಾದ ತೊಡಕು ತೀರಾ ಸಾಮಾನ್ಯವಾದುದು: ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದ ಪಠ್ಯ ಯೂನಿಕೋಡ್ ಸಂಕೇತದಲ್ಲಿಲ್ಲ. ಕಣ್ಣಿಗೆ ಕನ್ನಡವಾಗಿ ಕಾಣುವ ಪುಟ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪ್ರಶ್ನೆಪತ್ರಿಕೆ ಆ ವಿನ್ಯಾಸದಲ್ಲಿ ಸಿದ್ಧವಾದೆಡೆ, ಗಣಕಯಂತ್ರದಲ್ಲಿ ತಾನೇ ಉತ್ತರಿಸಬಲ್ಲ ವಿದ್ಯಾರ್ಥಿಗೂ ಪ್ರಶ್ನೆಯನ್ನು ಓದಿ ಹೇಳಲು ಇನ್ನೊಬ್ಬರು ಬೇಕಾಗುತ್ತಾರೆ.