ಕಾಲು ಪೀಸಿನ ಸುಂಕ: ಸೇಲಂ–ಧರ್ಮಪುರಿ ವಲಯದ ಕೋಳಿ ಸಾಕಣೆ ಮತ್ತು ಆಮದು ಕುರಿತ ಟಿಪ್ಪಣಿ

ಆಮದಿನ ಮೇಲಿದ್ದ ಪರಿಮಾಣ ನಿರ್ಬಂಧಗಳ ಕೊನೆಯ ಕಂತು 2001ರ ಏಪ್ರಿಲ್ 1ರಂದು ತೆರವಾಯಿತು. ವಿದೇಶಿ ಮೊಟ್ಟೆ, ಕೋಳಿಮಾಂಸ ಬಂದರೆ ನಮ್ಮ ಸಾಕಣೆದಾರರು ಉಳಿಯುವುದಿಲ್ಲ ಎಂಬ ಆತಂಕ ಅಂದಿನಿಂದಲೂ ಇದೆ. ಆತಂಕ ಸುಳ್ಳಲ್ಲ. ಆದರೆ ಯಾವ ಆಮದು ಯಾವ ಸಾಕಣೆದಾರನನ್ನು ತಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಿದವರು ಕಡಿಮೆ. ಸೇಲಂ–ಧರ್ಮಪುರಿ ವಲಯ ಅದಕ್ಕೆ ಒಳ್ಳೆಯ ನೆಲೆ.

ಮೊದಲು ಗಡಿಗಳ ವಿಚಾರ. 1965ರ ಅಕ್ಟೋಬರ್ 2ರಂದು ಸೇಲಂನಿಂದ ಧರ್ಮಪುರಿ ಬೇರೆಯಾಯಿತು; 1997ರ ಜನವರಿ 1ರಿಂದ ನಾಮಕ್ಕಲ್ ಪ್ರತ್ಯೇಕ ಜಿಲ್ಲೆಯಾಗಿ ಕೆಲಸ ಆರಂಭಿಸಿತು; 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಹುಟ್ಟಿತು. ಹೀಗಾಗಿ 1997ಕ್ಕಿಂತ ಹಿಂದಿನ 'ಸೇಲಂ' ಅಂಕಿಅಂಶಗಳಲ್ಲಿ ನಾಮಕ್ಕಲ್ಲಿನ ಮೊಟ್ಟೆಯೂ ಸೇರಿರುತ್ತದೆ, 2004ಕ್ಕಿಂತ ಹಿಂದಿನ 'ಧರ್ಮಪುರಿ'ಯಲ್ಲಿ ಕನ್ನಡ ಮಾತಾಡುವ ಹೊಸೂರು, ಡೆಂಕಣಿಕೋಟೆ, ತಳ್ಳಿ ಸೀಮೆಯೂ ಸೇರಿರುತ್ತದೆ. ಇದನ್ನು ಗಮನಿಸದೆ ಹಳೆಯ, ಹೊಸ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಸೇಲಂನ ಕೋಳಿ ಉದ್ಯಮ ಒಂದೇ ರಾತ್ರಿಯಲ್ಲಿ ಕುಸಿದಂತೆ ಕಾಣುತ್ತದೆ. ಈ ಟಿಪ್ಪಣಿಯಲ್ಲಿ ನಾನು ಹಳೆಯ ಸೇಲಂ ಜಿಲ್ಲೆಯ ಇಡೀ ಹರಹನ್ನು ಒಂದೇ ವಲಯವೆಂದು ಹಿಡಿದಿದ್ದೇನೆ.

ವಿದೇಶಿ ಮೊಟ್ಟೆ ಇಲ್ಲಿ ದೊಡ್ಡ ಪ್ರತಿಸ್ಪರ್ಧಿಯಲ್ಲ. 2023–24ರಲ್ಲಿ ದೇಶದಲ್ಲಿ ಸುಮಾರು 14,277 ಕೋಟಿ ಮೊಟ್ಟೆ ಉತ್ಪಾದನೆಯಾಯಿತು; ತಮಿಳುನಾಡಿನ ಪಾಲು ಶೇ. 15ಕ್ಕೂ ಹೆಚ್ಚು, ಅದರ ಬಹುಭಾಗ ನಾಮಕ್ಕಲ್ ಸುತ್ತಿನದು. ಒಡೆಯುವ, ಕೆಡುವ, ಅಗ್ಗದ ಈ ಸರಕನ್ನು ಸಮುದ್ರ ದಾಟಿಸಿ ತಂದು ಇಲ್ಲಿ ಗಿಟ್ಟಿಸಿಕೊಳ್ಳುವುದು ಕಷ್ಟ. ಸಾಗಾಟ ನಡೆಯುವುದು ತಿರುಗಿ: ನಾಮಕ್ಕಲ್ಲಿನ ಮೊಟ್ಟೆ ಕೇರಳಕ್ಕೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತದೆ, 2023ರಲ್ಲಿ ಮಲೇಷ್ಯಾ, ಶ್ರೀಲಂಕಾಗಳೂ ಕೊಂಡವು. ಮೊಟ್ಟೆ ಸಾಕಣೆದಾರನ ಸಂಕಟ ಬೇರೆ ಬಗೆಯದು. ಇಪ್ಪತ್ತು ವಾರ ಸಾಕಿದ ಮೇಲೆ ಮೊಟ್ಟೆಗೆ ಬಿದ್ದ ಕೋಳಿ ಒಂದು ವರ್ಷಕ್ಕೂ ಮಿಕ್ಕಿ ಇಡುತ್ತಲೇ ಇರುತ್ತದೆ. ದರ ಇಳಿಯಿತೆಂದು ಅದನ್ನು ನಿಲ್ಲಿಸಿ ಎನ್ನಲಾಗದು, ಮೇವನ್ನು ಒಂದು ದಿನವೂ ತಪ್ಪಿಸಲಾಗದು. 1982ರಲ್ಲಿ ಡಾ. ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿದ್ದೇ ದರವನ್ನು ವ್ಯಾಪಾರಿಯ ಕೈಯಿಂದ ಸಾಕಣೆದಾರನ ಕೈಗೆ ತರಲು. ನಾಮಕ್ಕಲ್ ವಲಯದ ದರ ಇಂದಿಗೂ ದಿನದಿನ ಪ್ರಕಟವಾಗುತ್ತದೆ. ತಮಿಳುನಾಡಿನ ಶಾಲೆಗಳ ಪೌಷ್ಟಿಕ ಊಟದಲ್ಲಿ 2010ರಿಂದ ವಾರಕ್ಕೆ 5 ಮೊಟ್ಟೆ ಕೊಡುತ್ತಿರುವುದು ಈ ವಲಯಕ್ಕೆ ಯಾವ ಆಮದು ಸುಂಕಕ್ಕಿಂತಲೂ ಗಟ್ಟಿಯಾದ ಆಸರೆ ಎಂಬುದು ನನ್ನ ಅಭಿಪ್ರಾಯ.

ಮಾಂಸದ ವಿಚಾರ ಹಾಗಲ್ಲ. ಅಮೆರಿಕದ ಗ್ರಾಹಕರಿಗೆ ಬೇಕಾದದ್ದು ಎದೆಮಾಂಸ. ಹಕ್ಕಿಯ ವೆಚ್ಚದ ಬಹುಪಾಲು ಅದರಿಂದಲೇ ಗಿಟ್ಟುವುದರಿಂದ ಕಾಲಿನ ಭಾಗವನ್ನು ಅಲ್ಲಿಯ ಕಂಪನಿಗಳು ತೀರ ಅಗ್ಗಕ್ಕೆ ಹೊರದೇಶಕ್ಕೆ ಕಳಿಸಬಲ್ಲವು. ನಮ್ಮಲ್ಲಿ ಜನ ಆಸೆಪಟ್ಟು ತಿನ್ನುವುದು ಆ ಕಾಲು ಪೀಸನ್ನೇ. ಅಲ್ಲಿ ಉಳಿಕೆ, ಇಲ್ಲಿ ಮೊದಲ ಆಯ್ಕೆ: ಅಪಾಯ ಇರುವುದು ಈ ವ್ಯತ್ಯಾಸದಲ್ಲಿ. ಆದ್ದರಿಂದಲೇ ಭಾರತ ಕೋಳಿಯ ತುಂಡುಗಳ ಮೇಲೆ ಶೇ. 100 ಸುಂಕ ಇಟ್ಟಿದೆ. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಾವು ಒಪ್ಪಿಕೊಂಡ ಗರಿಷ್ಠ ಮಿತಿಯೂ ಅಷ್ಟೇ. ಅದಕ್ಕಿಂತ ಏರಿಸಲು ಜಾಗವಿಲ್ಲ. ಬಾಗಿಲು ತೆರೆದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಆಫ್ರಿಕಾದ ಉದಾಹರಣೆಗಳಿವೆ. ಘಾನಾದ ಸಂಸತ್ತು 2003ರಲ್ಲಿ ಸುಂಕ ಏರಿಸುವ ಕಾಯ್ದೆ ಮಾಡಿಯೂ ಜಾರಿಗೆ ತರಲಾಗದೆ ಹಿಂದೆಗೆಯಿತು. ದಕ್ಷಿಣ ಆಫ್ರಿಕಾ 2015ರಲ್ಲಿ ಅಮೆರಿಕದ ಮೂಳೆಸಹಿತ ಕೋಳಿಗೆ ವರ್ಷಕ್ಕೆ 65,000 ಟನ್ನಿನ ಪಾಲು ಬಿಟ್ಟುಕೊಡಬೇಕಾಯಿತು.

ಹಾಗೇನಾದರೂ ಇಲ್ಲಿ ಆದರೆ ಮೊದಲ ಪೆಟ್ಟು ಯಾರಿಗೆ? ಈ ಸೀಮೆಯ ಬ್ರಾಯ್ಲರ್ ಸಾಕಣೆ ಹೆಚ್ಚಾಗಿ ಒಪ್ಪಂದದ್ದು. ಮರಿ, ಮೇವು, ಔಷಧ ಕಂಪನಿಯವು. ಶೆಡ್ಡು, ನೆಲದ ಹೊಟ್ಟು, ನೀರು, ವಿದ್ಯುತ್ತು, ದುಡಿಮೆ ರೈತನವು. ಸುಮಾರು ಆರು ವಾರಕ್ಕೆ ಎರಡು ಕಿಲೋ ತೂಗಿದ ಹಕ್ಕಿಯನ್ನು ಕಂಪನಿ ಒಯ್ದು ಕಿಲೋಗೆ ಇಷ್ಟು ಎಂದು ಸಾಕಣೆ ಕೂಲಿ ಕೊಡುತ್ತದೆ. ಪಲ್ಲಡಂನಲ್ಲಿ ಪ್ರಕಟವಾಗುವ ಜೀವಂತ ಕೋಳಿಯ ದರ ಏರಿದರೆ ಅದರ ಲಾಭ ಈ ರೈತನಿಗೆ ಬರುವುದು ಅಪರೂಪ. ದರ ಬಿದ್ದಾಗ ಮಾತ್ರ ಮರಿ ಬಿಡುವುದು ತಡವಾಗುತ್ತದೆ, ಎರಡು ತಂಡಗಳ ನಡುವೆ ಶೆಡ್ಡು ಖಾಲಿ ಬಿದ್ದಿರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆಮದಿನ ಪೆಟ್ಟನ್ನು ಲೆಕ್ಕ ಹಾಕುವಾಗ ದರವನ್ನಷ್ಟೇ ನೋಡುವವರಿಗೆ ಖಾಲಿ ಶೆಡ್ಡಿನ ಈ ದಿನಗಳು ಕಾಣುವುದೇ ಇಲ್ಲ. ತಮಿಳುನಾಡು 2019ರಲ್ಲಿ ಒಪ್ಪಂದ ಸಾಕಣೆಗೆಂದೇ ಕಾಯ್ದೆ ತಂದಿದೆ. ವರ್ಷಕ್ಕೆ ಇಷ್ಟು ತಂಡ ಮರಿ ಕೊಡಲೇಬೇಕು ಎಂಬ ಖಾತರಿ ಒಪ್ಪಂದಪತ್ರದೊಳಗೆ ಸೇರದಿದ್ದರೆ ಸುಂಕದ ರಕ್ಷಣೆ ಕಂಪನಿಯ ಬಾಗಿಲಲ್ಲೇ ನಿಂತುಬಿಡುತ್ತದೆ.

ಸುಂಕದ ಜೊತೆಗೆ ಇನ್ನೊಂದು ಗೋಡೆಯಿತ್ತು, ಹಕ್ಕಿ ಜ್ವರದ ಹೆಸರಿನದು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ರೋಗ ದೇಶದಲ್ಲೇ ಮೊದಲು ಕಾಣಿಸಿತು. ಅದರ ಮರುವರ್ಷದಿಂದ ರೋಗ ವರದಿ ಮಾಡಿದ ದೇಶಗಳ ಕೋಳಿ, ಮೊಟ್ಟೆಗಳನ್ನು ಭಾರತ ನಿಷೇಧಿಸುತ್ತ ಬಂತು. ರೋಗ ಕಡಿಮೆ ತೀವ್ರತೆಯದಾಗಿದ್ದರೂ ಇಡೀ ದೇಶಕ್ಕೇ ನಿಷೇಧ. 2012ರ ಮಾರ್ಚಿನಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2015ರ ಜೂನ್‌ನಲ್ಲಿ ಮೇಲ್ಮನವಿ ಮಂಡಳಿಯ ತೀರ್ಪು ಭಾರತಕ್ಕೆ ವಿರುದ್ಧವಾಯಿತು. ಅಪಾಯದ ವೈಜ್ಞಾನಿಕ ಮೌಲ್ಯಮಾಪನ ನಡೆದಿರಲಿಲ್ಲ, ರೋಗವಿಲ್ಲದ ಪ್ರದೇಶಗಳನ್ನು ಬೇರ್ಪಡಿಸಿ ನೋಡಿರಲಿಲ್ಲ ಎಂಬುವು ಮುಖ್ಯ ದೋಷಗಳು. ವರ್ಷಕ್ಕೆ 45 ಕೋಟಿ ಡಾಲರ್ ಮೊತ್ತದ ಪ್ರತೀಕಾರಕ್ಕೆ ಅಮೆರಿಕ ಅನುಮತಿ ಕೇಳುವವರೆಗೂ ಹೋದ ಈ ವ್ಯಾಜ್ಯ 2023ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ಶೈತ್ಯೀಕರಿಸಿದ ಟರ್ಕಿ, ಬಾತುಕೋಳಿ ಮಾಂಸದ ಸುಂಕ ಇಳಿಸಲು ಭಾರತ ಒಪ್ಪಿತು. ಕೋಳಿಯ ಕಾಲು ಆ ಪಟ್ಟಿಯಲ್ಲಿ ಇರಲಿಲ್ಲ.

ಈ ತೀರ್ಪನ್ನು ಸಾಕಣೆದಾರರ ಸೋಲೆಂದು ಮಾತ್ರ ಓದುವುದು ಸರಿಯಲ್ಲ. ದೇಶದ ಯಾವುದೋ ಮೂಲೆಯಲ್ಲಿ ಹಕ್ಕಿ ಜ್ವರ ಕಾಣಿಸಿದಾಗ ಕೊಲ್ಲಿ ದೇಶಗಳು ಖರೀದಿ ನಿಲ್ಲಿಸಿದರೆ ನಾಮಕ್ಕಲ್ಲಿನ ಗೋದಾಮುಗಳಲ್ಲಿ ಟ್ರೇಗಳು ರಾಶಿ ಬೀಳುತ್ತವೆ. ಆಗ ನಮ್ಮವರು ಕೇಳುವುದು ಇದನ್ನೇ: ರೋಗ ಅಲ್ಲಿ, ನಮ್ಮ ಫಾರಂ ಇಲ್ಲಿ, ಬೇರ್ಪಡಿಸಿ ನೋಡಿ. 2023ರಲ್ಲಿ ಭಾರತ 26 ಕೋಳಿ ಸಾಕಣೆ ಘಟಕಗಳನ್ನು ಹಕ್ಕಿ ಜ್ವರದಿಂದ ಮುಕ್ತವೆಂದು ಸ್ವಯಂಘೋಷಿಸಿತು. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಅದನ್ನು ಮಾನ್ಯ ಮಾಡಿತು. ತಮಿಳುನಾಡಿನ ಘಟಕಗಳೂ ಅದರಲ್ಲಿವೆ. ಅಮೆರಿಕಕ್ಕೆ ನಿರಾಕರಿಸಿದ ನಿಯಮವನ್ನೇ ನಾವು ಹೊರಗೆ ಮುಂದಿಡುತ್ತಿದ್ದೇವೆ. ರಫ್ತಿನ ಮೇಲೆ ನಿಂತ ವಲಯಕ್ಕೆ ಆ ನಿಯಮ ಉಳಿಯುವುದೇ ಲಾಭ.

ಉಳಿದದ್ದು ಮೇವು. ಸಾಕಣೆ ವೆಚ್ಚದ ಮೂರನೇ ಎರಡು ಭಾಗ ಮೇವಿನದು. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಕೇಂದ್ರ ಅನುಮತಿ ಕೊಟ್ಟಿತು. ಅದನ್ನು ಒತ್ತಾಯಿಸಿದವರು ಕೋಳಿ ಉದ್ಯಮದವರೇ. 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡಲು ಕಡಿವಾಣ ಬಿದ್ದ ಮೇಲೆ ಮೆಕ್ಕೆಜೋಳ ಡಿಸ್ಟಿಲರಿಗಳತ್ತ ಹರಿಯಿತು, ಬೆಲೆ ಏರಿತು. 2024ರಲ್ಲಿ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ. 15 ಸುಂಕದಲ್ಲಿ ತರಲು ದಾರಿ ಮಾಡಲಾಯಿತು. ನಾಮಕ್ಕಲ್ಲಿನ ಮೇವಿನ ಮಿಲ್ಲುಗಳಿಗೆ ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಹೋಗುತ್ತದೆ. 2025ರ ನವೆಂಬರಿನಲ್ಲಿ ಹಾವೇರಿ, ಗದಗ ಜಿಲ್ಲೆಗಳ ಬೆಳೆಗಾರರು ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆ ಸಿಗದೆ ಬೀದಿಗಿಳಿದರು. ಮೊಟ್ಟೆಯವನನ್ನು ಉಳಿಸುವ ಆಮದು ಜೋಳದವನನ್ನು ಮುಳುಗಿಸಬಾರದಾದರೆ ಸುಂಕದ ದರಕ್ಕಿಂತ ಆಮದಿನ ಕಾಲವೇ ಮುಖ್ಯವಾಗುತ್ತದೆ. ರಿಯಾಯಿತಿ ಸುಂಕದ ಸರಕು ಮುಂಗಾರಿನ ಮೆಕ್ಕೆಜೋಳ ಕಣಕ್ಕೆ ಬರುವ ಮುನ್ನ, ಆಗಸ್ಟಿನೊಳಗೆ, ಬಂದರಿಗೆ ಮುಟ್ಟಬೇಕು; ಅಕ್ಟೋಬರಿನಿಂದ ಜನವರಿವರೆಗೆ ಆ ಬಾಗಿಲು ಮುಚ್ಚಿರಬೇಕು.