ಹದಿನಾಲ್ಕನೆಯ ದಿನ ಎಂಬ ಲೆಕ್ಕ

ಮಲೆ ಮಹದೇಶ್ವರ ಕಾವ್ಯದ ‘ಸಂಕಮ್ಮನ ಸಾಲಿ’ನಲ್ಲಿ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿಯಿಂದ ಭಾಷೆ ಬೇಡುತ್ತಾನೆ. ಬಂಜೆಯೆಂಬ ಮಾತನ್ನು ಹೊರುವವಳೂ ಸಂಕಮ್ಮನೇ. ಕಡೆಗೆ ಮಾದಪ್ಪನ (ಮಹದೇಶ್ವರನ) ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಹನೂರು, ಕೊಳ್ಳೇಗಾಲ, ಯಳಂದೂರು ಕಡೆಯಿಂದ ಸಂತಾನದ ಹರಕೆ ಹೊತ್ತು ಬೆಟ್ಟ ಹತ್ತುವವರು ಇಂದಿಗೂ ಇದ್ದಾರೆ. ಕಾವ್ಯಕ್ಕೆ ಬೇಡವಾದ ಒಂದು ಪ್ರಶ್ನೆ ವೈದ್ಯಶಾಸ್ತ್ರಕ್ಕೆ ಬೇಕು: ಗಂಡ ಮನೆಯಲ್ಲಿದ್ದದ್ದು ಯಾವ ದಿನಗಳಲ್ಲಿ?

ಅಂಡಾಶಯದಿಂದ ಹೊರಬಿದ್ದ ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೆ ಉಳಿಯಬಲ್ಲದು. ಹಾಗಾಗಿ ಗರ್ಭ ನಿಲ್ಲುವ ಅವಕಾಶ ಅಂಡ ಬಿಡುಗಡೆಯ ದಿನವೂ ಸೇರಿ ಆರು ದಿನ. 1995ರಲ್ಲಿ ಅಮೆರಿಕದ ವಿಲ್ಕಾಕ್ಸ್ ತಂಡ 221 ಮಹಿಳೆಯರನ್ನು ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ. ದುಡಿಮೆಗೆಂದು ಹೊರಗಿದ್ದು ತಿಂಗಳಿಗೊಮ್ಮೆ ಊರಿಗೆ ಬರುವ ಗಂಡನಿಗೆ ಈ ಆರು ದಿನ ತಪ್ಪಿಹೋಗುವುದು ಸುಲಭ.

ಆ ದಿನಗಳು ಯಾವುವು? ಮುಟ್ಟಾದ ಹದಿನಾಲ್ಕನೆಯ ದಿನ ಎಂಬ ಉತ್ತರ 28 ದಿನದ ಚಕ್ರಕ್ಕಷ್ಟೇ ಸರಿ. ಅಂಡ ಬಿಡುಗಡೆಯಾದ ಸುಮಾರು ಎರಡು ವಾರಕ್ಕೆ ಮುಂದಿನ ಮುಟ್ಟು ಬರುತ್ತದೆ; ಏರುಪೇರಾಗುವುದು ಹೆಚ್ಚಾಗಿ ಅದಕ್ಕೆ ಮುಂಚಿನ ಅವಧಿ. 35 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅದು ಇಪ್ಪತ್ತೊಂದನೆಯ ದಿನದ ಆಸುಪಾಸು.

ದಿನದ ಲೆಕ್ಕವನ್ನೇ ನಂಬಿದ ಪ್ರಯೋಗವೊಂದು ನಮ್ಮ ರಾಮನಗರದಲ್ಲೇ ನಡೆದಿತ್ತು, ಗುರಿ ಮಾತ್ರ ತದ್ವಿರುದ್ಧ. 1952ರಲ್ಲಿ ಶುರುವಾದ ಆ ಕುಟುಂಬ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿತ್ತು. ಡಾ. ಅಬ್ರಹಾಂ ಸ್ಟೋನ್ ರೂಪಿಸಿದ ಬಣ್ಣದ ಮಣಿಸರದಲ್ಲಿ ಹಸಿರು ಸುರಕ್ಷಿತ ದಿನ, ಕೆಂಪು ಗರ್ಭ ನಿಲ್ಲುವ ದಿನ. ಯೋಜನೆ ಕೈಗೂಡಲಿಲ್ಲ. ದೂರು ಹೆಂಗಸರ ತಿಳಿವಳಿಕೆಯ ಮೇಲೆ ಬಿತ್ತು. ನನ್ನ ಮಟ್ಟಿಗೆ, ಎಲ್ಲರ ಮೈಗೂ ಒಂದೇ ಸರ ಹೊಂದುತ್ತದೆಂಬ ಎಣಿಕೆಯೂ ಅಷ್ಟೇ ದುರ್ಬಲ. ಮುಂದೆ 1970ರ ದಶಕದಲ್ಲಿ ಅದೇ ಸಂಸ್ಥೆ ಬೆಂಗಳೂರೂ ಸೇರಿ ಐದು ಕೇಂದ್ರಗಳಲ್ಲಿ ಮೈಯ ಗುರುತನ್ನು ನೋಡಲು ಕಲಿಸಿತು: ಅಂಡ ಬಿಡುವ ಮುನ್ನ ಕಾಣುವ, ಎಳೆ ಎಳೆಯಾಗಿ ಹಿಗ್ಗುವ ತಿಳಿ ಲೋಳೆ. ಮೊದಲ ಚಕ್ರದಲ್ಲೇ ಶೇ. 93 ಮಂದಿ ಅದನ್ನು ಗುರುತಿಸಿದರು.

ಸ್ಕ್ಯಾನಿನಲ್ಲಿ ‘ಮೊಟ್ಟೆ ಬೆಳೆದಿಲ್ಲ’ ಎಂದರೆ ಅಳೆದದ್ದು ಅಂಡವನ್ನಲ್ಲ, ಅದನ್ನು ಹೊತ್ತ ಕೋಶಕವನ್ನು. ಅದು ಸುಮಾರು 18ರಿಂದ 22 ಮಿ.ಮೀ. ಆದಾಗ ಒಡೆಯುತ್ತದೆ. ತಡವಾಗಿ ಅಂಡ ಬಿಡುವವಳಿಗೆ ಹನ್ನೆರಡನೆಯ ದಿನ ಸ್ಕ್ಯಾನ್ ಮಾಡಿದರೆ ಚಿಕ್ಕದಾಗಿಯೇ ಕಾಣುತ್ತದೆ. ಅದೊಂದೇ ದೋಷದ ಗುರುತಲ್ಲ.

ಒಂದು ವರ್ಷ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು, ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟು ಕಾಯುವುದೂ ಬೇಡ. ಗಂಡನ ವೀರ್ಯ ಪರೀಕ್ಷೆಯೂ ಜೊತೆಯಲ್ಲೇ ಆಗಲಿ.